ಅಡಿಕೆಯ ಬೇರುಹುಳಕ್ಕೆ ಕ್ಲೋರ್‌ಪೈರಿಫಾಸ್ ಹಾಕಬಹುದೇ?

ಪ್ರಶ್ನೆ: ನಮ್ಮ ಎರಡು ಎಕರೆ ಅಡಿಕೆ ತೋಟದಲ್ಲಿ ಬೇರುಹುಳದ ಕಾಟವಿದ್ದು, ಪ್ರತಿ ವರ್ಷ ಮರದ ಬುಡಕ್ಕೆ ಕ್ಲೋರ್‌ಪೈರಿಫಾಸ್ ಸುರಿಯುತ್ತೇವೆ. ವಿದೇಶಗಳಲ್ಲಿ ಇದಕ್ಕೆ ನಿಷೇಧವಿದೆಯಂತೆ. ತೋಟದ ಕೆಳಗೇ ಹಳ್ಳ ಹರಿಯುತ್ತದೆ. ಮುಂದುವರಿಸಬಹುದೇ?

ಉತ್ತರ: ಈ ಔಷಧಿಯಿಂದ ಫಲ ಸಿಗುತ್ತದೆ ಎಂಬುದು ನಿಜ. ಮಣ್ಣಿನ ಕಣಕ್ಕೆ ಬಲವಾಗಿ ಅಂಟಿಕೊಳ್ಳುವುದರಿಂದ ಅದು ಬೇರಿನ ವಲಯದಲ್ಲಿ ವಾರಗಟ್ಟಲೆ ಉಳಿದು ಮರಿಹುಳಗಳನ್ನು ಕೊಲ್ಲುತ್ತದೆ. ಆದರೆ ಬಲಿತು ಆಳಕ್ಕಿಳಿದ ಹುಳಕ್ಕೆ ಅದು ತಲುಪುವುದೇ ಕಷ್ಟವಾದ್ದರಿಂದ, ಸೋಗೆ ಹಳದಿಯಾಗಿ ಮರ ಸೊರಗಿದ ಮೇಲೆ ಸುರಿದದ್ದು ಬಹುಪಾಲು ವ್ಯರ್ಥ.

ಹುಳದ ನರವ್ಯೂಹದಲ್ಲಿ ಇದು ತಡೆಯುವ ಕಿಣ್ವ ನಮ್ಮ ಮೈಯಲ್ಲೂ ಇದೆ. ಮಕ್ಕಳ ಮಿದುಳಿನ ಬೆಳವಣಿಗೆಯ ಕುರಿತ ಆತಂಕವೂ ಸೇರಿದಂತೆ ಹಲವು ಕಾರಣಗಳಿಂದ ಯುರೋಪ್ ಒಕ್ಕೂಟ 2020ರಲ್ಲಿ ಇದರ ಅನುಮತಿಯನ್ನು ನವೀಕರಿಸಲಿಲ್ಲ. ಅದೇ ವರ್ಷ ಭಾರತ ಸರ್ಕಾರ ನಿಷೇಧಿಸಲು ಪ್ರಸ್ತಾಪಿಸಿದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲೂ ಇದರ ಹೆಸರಿತ್ತು.

ನನಗೆ ಹೆಚ್ಚು ಚಿಂತೆ ಔಷಧಿ ಬೆರೆಸುವವರ ಬಗ್ಗೆ. ಡಬ್ಬಿಯ ಮುಚ್ಚಳದಲ್ಲೇ ಅಳೆದು, ಬರಿಗೈಯನ್ನೇ ಬಕೆಟ್ಟಿಗೆ ಅದ್ದಿ ಕಲಕುವವರನ್ನು ಎಷ್ಟೋ ತೋಟಗಳಲ್ಲಿ ಕಂಡಿದ್ದೇನೆ. ನೀರು ಬೆರೆಸದ ಔಷಧಿ ಚರ್ಮದ ಮೂಲಕವೂ ಒಳಹೋಗುತ್ತದೆ. ಕೈಗವಸು, ಬೂಟು, ಉದ್ದ ತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಯಾರನ್ನೂ ಕಳುಹಿಸಬೇಡಿ. ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ವಿಷವೇರಿದ ಲಕ್ಷಣಗಳು. ಕೂಡಲೇ ಬಟ್ಟೆ ಕಳಚಿ, ಮೈಯನ್ನು ಸೋಪು ಹಾಕಿ ತೊಳೆದು, ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಅಟ್ರೊಪಿನ್ ಚುಚ್ಚುಮದ್ದು ಸಕಾಲದಲ್ಲಿ ಸಿಕ್ಕರೆ ಜೀವ ಉಳಿಯಬಹುದು.

ಹಳ್ಳದ ವಿಷಯದಲ್ಲಿ ನಿಮ್ಮ ಅಳುಕು ಸರಿಯಾಗಿದೆ. ನೀರಿನಲ್ಲಿ ಅಷ್ಟಾಗಿ ಕರಗದ ಈ ರಾಸಾಯನಿಕ ಮಳೆಗೆ ಕೊಚ್ಚಿದ ಮಣ್ಣಿನೊಂದಿಗೇ ಹಳ್ಳ ಸೇರುತ್ತದೆ. ಮೀನು, ಸಿಗಡಿಗಳಿಗೆ ಅತ್ಯಲ್ಪ ಪ್ರಮಾಣವೂ ಮಾರಕ. ಆದ್ದರಿಂದ ಹಳ್ಳದ ಅಂಚಿನ ಸಾಲುಗಳನ್ನು ಪೂರ್ತಿ ಬಿಟ್ಟುಬಿಡಿ, ಜೋರು ಮಳೆಯ ಸೂಚನೆಯಿದ್ದ ದಿನ ಎಲ್ಲಿಯೂ ಹಾಕಬೇಡಿ.

ಪ್ರತಿ ವರ್ಷ ಇಡೀ ತೋಟಕ್ಕೆ ಸುರಿಯುವ ರೂಢಿಯನ್ನಂತೂ ನಿಲ್ಲಿಸಿ. ಬುಡ ಕೆದಕಿ ಹುಳ ಕಂಡ ಮರಗಳನ್ನಷ್ಟೇ ಗುರುತಿಸಿಕೊಳ್ಳಿ. ಲೇಬಲ್‌ನಲ್ಲಿ ಅಡಿಕೆಯ ಹೆಸರಿಲ್ಲದಿದ್ದರೆ ಕೃಷಿ ವಿಜ್ಞಾನ ಕೇಂದ್ರದ ಲಿಖಿತ ಶಿಫಾರಸು ಪಡೆಯದೆ ಡಬ್ಬಿ ತೆರೆಯಬೇಡಿ. ಮುಂಗಾರಿನ ಮೊದಲ ಮಳೆಗಳ ನಂತರ ಮುಸ್ಸಂಜೆಯಲ್ಲಿ, ಬೇರುಹುಳವೇ ಬೆಳೆದು ಆದ ದುಂಬಿಗಳು ಮಣ್ಣಿನಿಂದ ಮೇಲೇಳುತ್ತವೆ. ಆ ಕೆಲವು ಸಂಜೆ ಮನೆಮಂದಿಯೆಲ್ಲ ಸೇರಿ ಅವನ್ನು ಹಿಡಿದು ಸೋಪಿನ ನೀರಿಗೆ ಹಾಕಿದರೆ, ಮೊಟ್ಟೆಯಿಡುವ ಮೊದಲೇ ಅಷ್ಟು ಹುಳ ಕಡಿಮೆಯಾಗುತ್ತದೆ.