ಸಂಪಾದಕರ ಉತ್ತರ: ಹೆಲಿಕಾಪ್ಟರ್ ಏರಿದ ದನಗಾಹಿ

ಮಾನ್ಯರೇ,

ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಕಾಡುಬಿದ್ದ ದನಗಳನ್ನು ಹೆಲಿಕಾಪ್ಟರಿನಿಂದ ಅಟ್ಟುತ್ತಿರುವ ಚಿತ್ರವೊಂದನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿ, ಅದರ ಕೆಳಗೆ ‘ಬೀಡಾಡಿ ದನಗಳ ಬೇಟೆ’ ಎಂದು ನಾವು ಹಾಕಿದ್ದನ್ನು ಆಕ್ಷೇಪಿಸಿ ಅರಸೀಕೆರೆ ಕಡೆಯಿಂದ ತಾವು ಬರೆದ ಪತ್ರ ತಲುಪಿದೆ. ತಮ್ಮ ತಂದೆಯವರು ಅಮೃತಮಹಲ್ ಕಾವಲಿನಲ್ಲಿ ದನ ಕಾಯುತ್ತಿದ್ದರೆಂದೂ, ಮನುಷ್ಯರ ಬಳಕೆಯಿಲ್ಲದೆ ಬೆಳೆದ ಹೋರಿಗಳನ್ನು ಹಗ್ಗ ಮತ್ತು ತಾಳ್ಮೆಯಿಂದಲೇ ಹಿಡಿಯುತ್ತಿದ್ದರೆಂದೂ ತಿಳಿಸಿ, ದನ ಹಿಡಿಯಲು ಹೆಲಿಕಾಪ್ಟರ್ ಏಕೆ, ಅವು ಯಾರ ದನಗಳು, ಅವುಗಳನ್ನು ಅವುಗಳ ಪಾಡಿಗೆ ಬಿಟ್ಟರೇನು ಎಂದು ಕೇಳಿದ್ದೀರಿ.

‘ಬೇಟೆ’ ಎಂಬ ಮಾತು ತಪ್ಪು. ‘ಬೀಡಾಡಿ’ ಎಂಬುದೂ ಅರ್ಧ ತಪ್ಪೇ. ನಮ್ಮ ಪೇಟೆಯ ಬೀಡಾಡಿ ದನ ಜನರ ನಡುವೆಯೇ ಬದುಕಿ, ತರಕಾರಿ ಅಂಗಡಿಯವನ ಕೋಲು ಎಷ್ಟು ಉದ್ದವೆಂದು ಚೆನ್ನಾಗಿ ಬಲ್ಲ ಪ್ರಾಣಿ. ನಾವು ಬರೆದದ್ದು ಮನುಷ್ಯನನ್ನು ಕಂಡರೆ ಪೊದೆಗೆ ನುಗ್ಗುವ, ಕಿವಿಗೆ ಗುರುತಾಗಲಿ ಮೈಗೆ ಬರೆಯಾಗಲಿ ಬೀಳದ ದನದ ಬಗ್ಗೆ. ಅಂಥದನ್ನು ಅಲ್ಲಿಯವರು ‘ಕ್ಲೀನ್‌ಸ್ಕಿನ್’ ಎನ್ನುತ್ತಾರೆ. ಇದು ಆ ದೇಶಕ್ಕೆ ಹೊಸದೂ ಅಲ್ಲ. 1788ರಲ್ಲಿ ನೆಲೆಸಲು ಬಂದ ಬಿಳಿಯರ ಮೊದಲ ಹಡಗುಗಳು ಕೇಪ್ ಆಫ್ ಗುಡ್ ಹೋಪ್‌ನಿಂದ ತಂದ ಬೆರಳೆಣಿಕೆಯ ದನಗಳು ಕೆಲವೇ ತಿಂಗಳಲ್ಲಿ ತಪ್ಪಿಸಿಕೊಂಡವು. 1795ರಲ್ಲಿ ಸಿಡ್ನಿಯ ನೈಋತ್ಯಕ್ಕೆ ಅವು ಮತ್ತೆ ಕಣ್ಣಿಗೆ ಬಿದ್ದಾಗ ಹಿಂಡು ಅರವತ್ತನ್ನು ದಾಟಿತ್ತು. ಗವರ್ನರ್ ಹಂಟರ್ ತಾವೇ ಹೋಗಿ ನೋಡಿ ಬಂದರು, ಆ ಪ್ರದೇಶಕ್ಕೆ ‘ಕೌಪಾಶ್ಚರ್ಸ್’, ಅಂದರೆ ದನದ ಹುಲ್ಲುಗಾವಲು, ಎಂಬ ಹೆಸರೇ ನಿಂತಿತು.

ಹೆಲಿಕಾಪ್ಟರ್ ಏಕೆ ಎಂಬುದಕ್ಕೆ ಮೊದಲ ಉತ್ತರ ಅಲ್ಲಿನ ವಿಸ್ತಾರ. ನಾರ್ದರ್ನ್ ಟೆರಿಟರಿಯ ವಿಕ್ಟೋರಿಯಾ ರಿವರ್ ಡೌನ್ಸ್ ಎಂಬ ಒಂದೇ ದನದ ಎಸ್ಟೇಟು ಸುಮಾರು 8,900 ಚದರ ಕಿಲೋಮೀಟರ್, ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ದೊಡ್ಡದು. ಅದರ ಎಲ್ಲ ಗಡಿಗೂ ಬೇಲಿ ಹಾಕಿ ಕಾಯುವುದು ಯಾರಿಂದಲೂ ಆಗುವ ಮಾತಲ್ಲ. ಆದರೆ ತಮ್ಮ ತಂದೆಯವರ ತಾಳ್ಮೆಗೆ ಅಲ್ಲಿ ಕೆಲಸವಿಲ್ಲವೆಂದು ತಿಳಿಯಬೇಡಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆಯಿರುವುದಿಲ್ಲ. ಹಳ್ಳಗಳು ಬತ್ತಿ ನೀರು ಕೆಲವೇ ಮಡುಗಳಿಗೂ ಕೊಳವೆಬಾವಿಯ ತೊಟ್ಟಿಗಳಿಗೂ ಸೀಮಿತವಾದಾಗ, ಆ ನೀರಿನ ಸುತ್ತ ಕಬ್ಬಿಣದ ದೊಡ್ಡಿ ಕಟ್ಟಿ, ದನಗಳು ಅಂಜಿಕೆ ಬಿಟ್ಟು ಒಳಹೊರಗೆ ಓಡಾಡುವಷ್ಟು ದಿನ ಬಾಗಿಲನ್ನು ತೆರೆದೇ ಬಿಡುತ್ತಾರೆ. ಆಮೇಲೆ ಅದೇ ಬಾಗಿಲಿಗೆ, ಒಳಮುಖವಾಗಿ ಬಾಗಿ ತುದಿಯಲ್ಲಿ ಕೂಡಿಕೊಳ್ಳುವ ಸರಳುಗಳನ್ನು ಸೇರಿಸುತ್ತಾರೆ. ಒಳಗೆ ಹೋಗುವ ದನದ ಮೈಗೆ ಅವು ಸರಿದು ದಾರಿ ಬಿಡುತ್ತವೆ, ಹೊರಗೆ ಬರುವ ದನದ ಎದೆಗೆ ಮೊನೆಯೊಡ್ಡುತ್ತವೆ. ಮಲೆನಾಡಿನಲ್ಲಿ ಮೀನಿಗೆ ಇಡುವ ಕೂಳಿಯ ಯುಕ್ತಿಯೇ ಇದು. ಯಾರೂ ಅಟ್ಟದೆ, ಯಾರೂ ಕೂಗದೆ, ರಾತ್ರಿ ನೀರಿಗೆ ಬಂದ ಹಿಂಡು ಬೆಳಗ್ಗೆ ದೊಡ್ಡಿಯಲ್ಲಿರುತ್ತದೆ.

ನೀರು ಎಲ್ಲೆಡೆ ಸಿಗುವ ಕಡೆ ಈ ಉಪಾಯ ನಡೆಯುವುದಿಲ್ಲ. ಹೆಲಿಕಾಪ್ಟರ್ ಬರುವುದು ಅಲ್ಲಿಗೆ. ಇಬ್ಬರು ಮಾತ್ರ ಕೂರಬಹುದಾದ ರಾಬಿನ್ಸನ್ ಆರ್-22 ಎಂಬ ಪುಟ್ಟ ಯಂತ್ರದಲ್ಲಿ ಪೈಲಟ್ ನಸುಕಿನಲ್ಲೇ ಹೊರಟು, ಪೊದೆಗಳಲ್ಲಿ ಚದುರಿದ ದನಗಳನ್ನು ಎಬ್ಬಿಸಿ, ಅವು ತಿರುಗಬೇಕಾದ ಕಡೆಗೆ ತಿರುಗಿದೊಡನೆ ಹಿಂದೆ ಸರಿಯುತ್ತಾನೆ. ಈ ಹಿಂದೆ ಸರಿಯುವುದರಲ್ಲೇ ಅವನ ಕಸುಬು ಇರುವುದು. ಬಿಡದೆ ಒತ್ತಿದರೆ ದನಗಳು ಬಿಸಿಲಿನಲ್ಲಿ ಓಡಿ ಬಸವಳಿಯುತ್ತವೆ, ಎಳೆಗರುಗಳು ತಾಯಿಯಿಂದ ತಪ್ಪಿಹೋಗುತ್ತವೆ, ಹೋರಿಗಳು ತಿರುಗಿ ನಿಲ್ಲುತ್ತವೆ. ಕೆಳಗೆ ಕುದುರೆ ಮತ್ತು ಬೈಕಿನ ಮೇಲಿರುವವರು ಸಾಧುವಾದ ದನಗಳ ಒಂದು ಸಣ್ಣ ಹಿಂಡನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಬೆದರಿ ಬಂದವು ಅವುಗಳ ನಡುವೆ ಸೇರಿ ತಣ್ಣಗಾಗುತ್ತವೆ. ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯಲು 1971ರವರೆಗೆ ನಡೆದ ಖೆಡ್ಡಾದಲ್ಲಿ ಪಳಗಿದ ಕುಮ್ಕಿ ಆನೆಗಳಿಗಿದ್ದ ಜವಾಬ್ದಾರಿಯೇ ಇಲ್ಲಿ ಈ ಸಾಧು ದನಗಳಿಗಿದೆ.

ಹಿಂಡಿಗೆ ಸೇರದ ಒಂಟಿ ಹೋರಿಗಳ ವಿಷಯದಲ್ಲಿ ಮಾತ್ರ ತಮ್ಮ ಕೋಪವನ್ನು ನಾನು ಅಲ್ಲಗಳೆಯಲಾರೆ. ಬಾಗಿಲು ಕಳಚಿ ಮುಂಭಾಗಕ್ಕೆ ಹಳೆಯ ಟೈರು ಕಟ್ಟಿದ ಜೀಪಿನಿಂದ ಓಡುವ ಹೋರಿಯನ್ನು ಒತ್ತಿ ಕೆಡವಿ, ಅದು ಏಳುವ ಮೊದಲು ಹಾರಿಳಿದು ಹಿಂಗಾಲುಗಳಿಗೆ ಪಟ್ಟಿ ಬಿಗಿದು, ಆಮೇಲೆ ಲಾರಿಗೆ ಎಳೆದೇರಿಸುತ್ತಾರೆ. ಹಿಡಿಯುವವರಿಗೂ ಇದರಲ್ಲಿ ಅಪಾಯ ಕಡಿಮೆಯಿಲ್ಲ, ಆದರೆ ಅವರು ತಾವಾಗಿ ಹೋದವರು.

ಯಂತ್ರ ಬರುವ ಮುನ್ನ ಈ ಕೆಲಸ ಮಾಡುತ್ತಿದ್ದವರ ಬಗ್ಗೆ ನಮ್ಮ ಲೇಖನ ಒಂದು ಸಾಲನ್ನೂ ಬರೆಯದಿದ್ದದ್ದು ಅಡಿಬರಹಕ್ಕಿಂತ ದೊಡ್ಡ ಲೋಪ. ಆ ನೆಲದ ಮೂಲನಿವಾಸಿಗಳೇ ತಲೆಮಾರುಗಳ ಕಾಲ ಅಲ್ಲಿನ ದನಗಾಹಿಗಳಾಗಿದ್ದರು, ಬಹುಪಾಲು ಸರಿಯಾದ ಕೂಲಿಯಿಲ್ಲದೆ. 1966ರಲ್ಲಿ ವೇವ್ ಹಿಲ್ ಎಸ್ಟೇಟಿನ ಗುರಿಂಜಿ ಜನ ವಿನ್ಸೆಂಟ್ ಲಿಂಗಿಯಾರಿ ಅವರ ಮುಂದಾಳತ್ವದಲ್ಲಿ ಕೆಲಸ ಬಿಟ್ಟು ಹೊರನಡೆದರು. 1968ರ ಕೊನೆಗೆ ಸಮಾನ ವೇತನ ಜಾರಿಗೆ ಬಂತು. ಸಮಾನ ಕೂಲಿ ಕೊಡಬೇಕಾದಾಗ ಅನೇಕ ಮಾಲೀಕರು ಅವರನ್ನೇ ಕೈಬಿಟ್ಟರು. ಪ್ರತಿ ಕಣಿವೆಯನ್ನೂ ಹೆಸರು ಹಿಡಿದು ಬಲ್ಲವರು ಹೋದ ಜಾಗವನ್ನು ಮುಂದೆ ಹೆಲಿಕಾಪ್ಟರ್ ತುಂಬಿತು.

ಯಾರ ದನಗಳೆಂಬ ಪ್ರಶ್ನೆಗೆ ಹಳೆಯ ಕಾಲದ ಉತ್ತರ ಚಿಕ್ಕದು: ಮೊದಲು ಬರೆ ಹಾಕಿದವನದು. ಅದರಿಂದ ಹುಟ್ಟಿದ ಜಗಳಗಳು ಮಾತ್ರ ಚಿಕ್ಕವಲ್ಲ.

ಅವುಗಳ ಪಾಡಿಗೆ ಬಿಡಲಾಗದ್ದಕ್ಕೆ ಮುಖ್ಯ ಕಾರಣ ರೋಗ. ದನಗಳ ಕ್ಷಯವನ್ನೂ, ಗಬ್ಬದ ಹಸು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲೋಸಿಸನ್ನೂ ತೊಲಗಿಸಲು ಆಸ್ಟ್ರೇಲಿಯಾ 1970ರಲ್ಲಿ ದೇಶವ್ಯಾಪಿ ಕಾರ್ಯಕ್ರಮ ಆರಂಭಿಸಿ, ಎರಡನೆಯದರಿಂದ 1989ರಲ್ಲೂ ಮೊದಲನೆಯದರಿಂದ 1997ರಲ್ಲೂ ಮುಕ್ತವಾಯಿತು. ಪರೀಕ್ಷೆಗೆ ಸಿಗದ ಒಂದು ಹೋರಿ ಪರೀಕ್ಷೆಯಾದ ಇಡೀ ಹಿಂಡಿಗೆ ರೋಗ ಅಂಟಿಸಬಹುದಾದ್ದರಿಂದ, ಹಿಡಿಯಲು ಸಾಧ್ಯವಾಗದ ದನಗಳನ್ನೂ ಕಾಡುಬಿದ್ದ ಎಮ್ಮೆಗಳನ್ನೂ ಆ ವರ್ಷಗಳಲ್ಲಿ ಆಕಾಶದಿಂದಲೇ ಗುಂಡಿಟ್ಟು ಕೊಂದರು. ಇದನ್ನು ಓದಿ ತಮಗೆ ನೋವಾಗುತ್ತದೆಂದು ಗೊತ್ತಿದ್ದೂ ಮುಚ್ಚಿಡಲಾರೆ. ಗೊರಸುಳ್ಳ ಪ್ರಾಣಿಯೇ ಮೂಲದಲ್ಲಿ ಇಲ್ಲದ ಆ ಖಂಡದಲ್ಲಿ ನೀರಿನ ಮಡುಗಳು ದನದ ತುಳಿತಕ್ಕೆ ಕೆಸರಾಗುವುದು ಮತ್ತೊಂದು ಕಾರಣ. ಇಷ್ಟಾದರೂ ಮಾಂಸದ ಬೆಲೆ ಬಿದ್ದ ವರ್ಷ ಹಿಡಿಯುವ ಖರ್ಚು ಗಿಟ್ಟದೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ, ಹಿಂಡು ಮತ್ತೆ ಬೆಳೆಯುತ್ತದೆ.

ಚಿತ್ರದ ದನಗಳಿಗೆ ಹಿಣಿಲು ಇರುವುದನ್ನು ತಾವು ಗುರುತಿಸಿದ್ದೀರಿ. ಗಿರ್, ಓಂಗೋಲ್, ಕಾಂಕ್ರೇಜ್‌ಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಸೇರಿ ಅಮೆರಿಕದಲ್ಲಿ ರೂಪುಗೊಂಡ ಬ್ರಾಹ್ಮನ್ ತಳಿ 1933ರಲ್ಲಿ ಆಸ್ಟ್ರೇಲಿಯಾಕ್ಕೆ ಬಂತು. ಬಿಸಿಲನ್ನೂ ರಕ್ತ ಹೀರುವ ಉಣುಗನ್ನೂ ತಡೆಯುವ ಗುಣದಿಂದ ಉತ್ತರದಲ್ಲೆಲ್ಲ ಹಬ್ಬಿತು. ಹಿಡಿದ ಮೇಲೆ ಅವುಗಳ ಗತಿಯೇನೆಂದರೆ, ಎಳೆಯವು ಡಾರ್ವಿನ್ ಬಂದರಿನಿಂದ ಜೀವಂತವಾಗಿ ಇಂಡೋನೇಷ್ಯಾಕ್ಕೆ ಹೋಗುತ್ತವೆ, ಮುದಿ ಹೋರಿಗಳು ಕಸಾಯಿಖಾನೆಗೆ.

ಮುಂದಿನ ಸಂಚಿಕೆಯಲ್ಲಿ ಅಡಿಬರಹದ ತಿದ್ದುಪಡಿ ಬರುತ್ತದೆ. ಕಾವಲಿನಲ್ಲಿ ಹೋರಿ ಹಿಡಿಯುತ್ತಿದ್ದ ಕ್ರಮವನ್ನು ತಾವು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ವಿವರವಾಗಿ ಬರೆದು ಕಳುಹಿಸಿದರೆ ಪ್ರಕಟಿಸುತ್ತೇವೆ. ಹಗ್ಗ ಮೊದಲು ಬೀಳುತ್ತಿದ್ದದ್ದು ಕೊಂಬಿಗೋ ಕಾಲಿಗೋ, ಜೊತೆಗೆ ಸಾಧು ಹಸುವೊಂದನ್ನು ಅವರೂ ಬಿಡುತ್ತಿದ್ದರೋ ಎಂಬುದನ್ನು ಮರೆಯದೆ ಬರೆಯಿರಿ.

– ಸಂಪಾದಕ