ಟ್ರೇಲ್ ಕ್ಯಾಮೆರಾ: ಹಗಲಿಡೀ ಖಾಲಿ ಫೋಟೊ ಬರುತ್ತಿದ್ದರೆ

ಕಾಫಿ ತೋಟದ ಅಂಚಿಗೆ ಕಟ್ಟಿದ ಟ್ರೇಲ್ ಕ್ಯಾಮೆರಾ (ಪ್ರಾಣಿ ಸುಳಿದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಎರಡೇ ದಿನಕ್ಕೆ 3,000 ಖಾಲಿ ಫೋಟೊ ತೆಗೆದಿದೆ, ಅದೂ ಹಗಲಲ್ಲೇ ಅಂದಿದ್ದೀರಿ. ಸೆನ್ಸರ್ ಕೆಟ್ಟಿರಲಿಕ್ಕಿಲ್ಲ, ಬಹುತೇಕ ಇದು ಬಿಸಿಲಿಗೆ ಕಾದ ಎಲೆಗಳ ಕೆಲಸ. ಕ್ಯಾಮೆರಾದ ಪಿಐಆರ್ (ಶಾಖದ ಚಲನೆ ಗುರುತಿಸುವ) ಸೆನ್ಸರ್‌ಗೆ ಪ್ರಾಣಿ ಯಾವುದು, ಎಲೆ ಯಾವುದು ಗೊತ್ತಾಗುವುದಿಲ್ಲ. ಹಿನ್ನೆಲೆಗಿಂತ ಬಿಸಿಯಾದದ್ದು ಅಲುಗಾಡಿದರೆ ಸಾಕು.

ಮೊದಲು ಕ್ಯಾಮೆರಾ ಮುಖವನ್ನು ಉತ್ತರಕ್ಕೆ ತಿರುಗಿಸಿ. ಪೂರ್ವ, ಪಶ್ಚಿಮಕ್ಕಿದ್ದರೆ ಬಿಸಿಲು ನೇರ ಹೊಡೆಯುತ್ತೆ. ಆಮೇಲೆ ಮುಂದಿನ ನಾಲ್ಕು ಮೀಟರ್ ಹುಲ್ಲು, ಜರಿಗಿಡ ಕತ್ತಿಯಲ್ಲಿ ಸವರಿ. ಲೆನ್ಸ್ ಹತ್ತಿರ ಒಂದೇ ಒಂದು ಎಲೆ ಉಳಿದರೂ ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಬೆಳ್ಳಗೆ ಹೊಳೆದು, ಹಿಂದಿರುವ ಕಡವೆ ಕತ್ತಲಲ್ಲೇ ಉಳಿಯುತ್ತೆ. ಎಳೆ ಸಿಲ್ವರ್ ಓಕ್‌ಗೆ ಕಟ್ಟಿದ್ದರೆ ಬದಲಿಸಿ, ಅದು ಗಾಳಿಗೆ ತೂಗುತ್ತೆ. ಎತ್ತರ ಮೊಣಕಾಲಿನಷ್ಟು, 45–50 ಸೆಂ.ಮೀ. ಕಾಲುದಾರಿಗೆ ಸ್ವಲ್ಪ ಓರೆಯಾಗಿರಲಿ.

ಸೆಟ್ಟಿಂಗ್ ಕೊನೆಗೆ ಮುಟ್ಟಿ: ಸೆನ್ಸಿಟಿವಿಟಿ ಮೀಡಿಯಂ, ಸಲಕ್ಕೆ 3 ಫೋಟೊ, ಒಂದು ಸಲಕ್ಕೂ ಮುಂದಿನ ಸಲಕ್ಕೂ ನಡುವೆ 30 ಸೆಕೆಂಡ್. ಸೆನ್ಸಿಟಿವಿಟಿಯನ್ನು ಲೋಗೆ ಇಳಿಸಬೇಡಿ. ಬೇಸಿಗೆ ಮಧ್ಯಾಹ್ನ ನೆಲವೇ ಪ್ರಾಣಿಯ ಮೈಯಷ್ಟು ಕಾದಿರುತ್ತೆ, ಬಂದ ಪ್ರಾಣಿಯೂ ತಪ್ಪಿಹೋಗುತ್ತೆ.

ಇಷ್ಟಾದ ಮೇಲೂ ರಾತ್ರಿ ಖಾಲಿ ಬಂದರೆ ಒಳಗೆ ತೇವ ಇಳಿದಿರಬಹುದು. ಮುಚ್ಚಳದ ರಬ್ಬರ್ ಅಂಚಿನಲ್ಲಿ ಮಣ್ಣು, ಇರುವೆ ಸೇರಿದೆಯಾ ನೋಡಿ. ಅಂದಹಾಗೆ, ಬೇಲಿಯಾಚೆ ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಕಟ್ಟಬೇಡಿ.