ಪಂಚೆ ಉಟ್ಟ ಸಾಕ್ಷಿಯನ್ನು ಕೋರ್ಟ್ ಬಾಗಿಲಲ್ಲಿ ತಡೆಯಬಹುದೇ?

ಮಂಡ್ಯ ಕಡೆಯಿಂದ ಬರೆದ ಓದುಗರಿಗೆ ನಮಸ್ಕಾರ.

ಜಮೀನು ಪಾಲಿನ ದಾವೆಯಲ್ಲಿ ಸಾಕ್ಷಿ ಹೇಳಲು ನಿಮ್ಮ ತಂದೆ ಪಂಚೆ ಉಟ್ಟು, ಹೆಗಲಿಗೆ ಟವಲ್ ಹಾಕಿಕೊಂಡು ಹೋಗಿದ್ದಾರೆ. ಬಾಗಿಲಲ್ಲಿದ್ದ ಅಟೆಂಡರ್ ಟವಲ್ ತೆಗೆಸಿ, "ಮುಂದಿನ ವಾಯಿದೆಗೆ ಪ್ಯಾಂಟ್ ಹಾಕ್ಕೊಂಡು ಬನ್ನಿ, ಇಲ್ಲಾಂದ್ರೆ ಸಾಹೇಬ್ರು ಒಳಗೆ ಹಾಕಿಸ್ತಾರೆ" ಎಂದಿದ್ದಾನೆ. ಇಂಥ ಕಾನೂನು ಇದೆಯಾ ಅಂತ ಕೇಳಿದ್ದೀರಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸಾಕ್ಷಿಯ ಬಟ್ಟೆಯ ಬಗ್ಗೆ ಒಂದು ಸಾಲೂ ಇಲ್ಲ. ಉಡುಪಿನ ನಿಯಮ ಇರುವುದು ವಕೀಲರಿಗೆ. 1961ರ ವಕೀಲರ ಕಾಯ್ದೆಯ ಪ್ರಕಾರ ಭಾರತೀಯ ವಕೀಲರ ಪರಿಷತ್ತು ಅದನ್ನು ಮಾಡಿದೆ: ಕಪ್ಪು ಕೋಟು, ಬಿಳಿ ಬ್ಯಾಂಡ್, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ನಲ್ಲಿ ಗೌನ್ ಕೂಡ. ತಮಾಷೆ ಏನು ಗೊತ್ತಾ, ಅದೇ ನಿಯಮದಲ್ಲಿ ಪುರುಷ ವಕೀಲರು ಪ್ಯಾಂಟ್ ಬದಲು ಪಂಚೆ ಉಡಬಹುದು ಎಂದಿದೆ, ಜೀನ್ಸ್ ಮಾತ್ರ ಕೂಡದು. ವಾದ ಮಾಡುವವರಿಗೇ ಆಗುವ ಪಂಚೆ ಸಾಕ್ಷಿ ಹೇಳುವವರಿಗೆ ಆಗಲ್ವಾ?

ವಕೀಲರು ನಿಯಮ ಮುರಿದರೆ ನ್ಯಾಯಾಧೀಶರು ಗದರಬಹುದು, ವಾದ ಕೇಳುವುದಿಲ್ಲ ಎನ್ನಬಹುದು. ನನ್ನ ತಕರಾರು ಇರುವುದು ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದರ ಬಗ್ಗೆ. 2020ರ ಏಪ್ರಿಲ್, ಲಾಕ್‌ಡೌನ್ ಸಮಯ. ರಾಜಸ್ಥಾನ ಹೈಕೋರ್ಟ್‌ನ ವಿಡಿಯೊ ವಿಚಾರಣೆಗೆ ಒಬ್ಬ ವಕೀಲರು ಬನಿಯನ್‌ನಲ್ಲೇ ಕೂತಿದ್ದರು. ನ್ಯಾಯಮೂರ್ತಿಗಳು ಜಾಮೀನು ಅರ್ಜಿಯನ್ನೇ ಮುಂದೂಡಿದರು. ಬನಿಯನ್ ವಕೀಲರದು, ವಾಯಿದೆ ಆರೋಪಿಗೆ. ಇದು ನನಗೆ ಸರಿ ಕಾಣುವುದಿಲ್ಲ.

ಅಧಿಕಾರಿಗಳ ವಿಷಯದಲ್ಲಿ ಈಗ ಗೆರೆ ಸ್ಪಷ್ಟವಾಗಿದೆ. 2022ರಲ್ಲಿ ಪಟ್ನಾ ಹೈಕೋರ್ಟ್‌ಗೆ ಕೋಟಿಲ್ಲದೆ, ಕಾಲರ್ ಗುಂಡಿ ಬಿಚ್ಚಿಕೊಂಡು ಬಂದ ಹಿರಿಯ ಐಎಎಸ್ ಅಧಿಕಾರಿಯನ್ನು ನ್ಯಾಯಮೂರ್ತಿಗಳು, ಇದೇನು ಸಿನಿಮಾ ಹಾಲ್ ಅಂದ್ಕೊಂಡ್ರಾ ಅಂತ ತರಾಟೆಗೆ ತೆಗೆದುಕೊಂಡರು. (ಆ ನ್ಯಾಯಮೂರ್ತಿಗಳು ನಮ್ಮ ಕರ್ನಾಟಕ ಹೈಕೋರ್ಟ್‌ನಿಂದಲೇ ಅಲ್ಲಿಗೆ ಹೋದವರು.) ವಿಡಿಯೊ ಎಲ್ಲ ಕಡೆ ಓಡಾಡಿತು. ಆಮೇಲೆ 2024ರ ಜನವರಿ 3ರಂದು, ಉತ್ತರ ಪ್ರದೇಶದ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಕಾರ್ಯವಿಧಾನವನ್ನೇ ಹೊರಡಿಸಿತು. ಅಧಿಕಾರಿಯ ಹುದ್ದೆಗೆ ಗೊತ್ತುಮಾಡಿದ ಉಡುಪು ಇದ್ದು ಅದನ್ನು ಮೀರಿದ್ದರೆ ಮಾತ್ರ ಬಟ್ಟೆಯ ಮಾತು. ಇಲ್ಲವಾದರೆ ಬಟ್ಟೆ, ರೂಪ, ಓದಿನ ಬಗ್ಗೆ ಟೀಕೆ ಬೇಡ. ವಿಚಾರಣೆ ಮುಗಿಯುವ ತನಕ ಸುಮ್ನೆ ನಿಲ್ಲಿಸಿಕೊಳ್ಳುವುದೂ ಬೇಡ. ಇದು ಸರ್ಕಾರಿ ಅಧಿಕಾರಿಗಳಿಗಾಗಿ ಬರೆದದ್ದು, ನಿಜ. ಆದರೆ ಕಾರ್ಯದರ್ಶಿಗೆ ಸಿಗುವ ಮರ್ಯಾದೆ ರೈತನಿಗೆ ಯಾಕೆ ಸಿಗಬಾರದು?

ಹಾಗಂತ ನ್ಯಾಯಾಧೀಶರ ಕೈ ಕಟ್ಟಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 153ಬಿ ಕಲಂ ಪ್ರಕಾರ ಕೋರ್ಟ್ ಹಾಲ್ ಎಲ್ಲರಿಗೂ ತೆರೆದದ್ದು, ಆದರೆ ಇಂಥವರು ಒಳಗಿರಬಾರದು ಅಂತ ನ್ಯಾಯಾಧೀಶರು ಆದೇಶ ಮಾಡಬಹುದು. ಕುಡಿದು ಬಂದವನನ್ನು, ಕೂಗಾಡುವವನನ್ನು ಹೊರಗೆ ಕಳಿಸಲು ಈ ಅಧಿಕಾರ ಬೇಕೇ ಬೇಕು. ಆದೇಶ ಮಾಡಬೇಕಾದವರು ನ್ಯಾಯಾಧೀಶರು, ಅಟೆಂಡರ್ ಅಲ್ಲ. ಮೇಲಾಗಿ ನಿಮ್ಮ ತಂದೆಯನ್ನು ಸಮನ್ಸ್ ಕೊಟ್ಟು ಕರೆಸಿದ್ದು ಕೋರ್ಟೇ. ಅವರು ಬೇಸರಪಟ್ಟು ವಾಪಸ್ ಹೋಗಿದ್ದರೆ ಗೈರುಹಾಜರಿಗೆ ವಾರಂಟ್ ಕೂಡ ಬರಬಹುದಿತ್ತು.

ಟವಲ್ ತೆಗೆಸಿದ್ದು ನನಗೆ ಜಾಸ್ತಿ ಚುಚ್ಚಿತು. ಯಾರ ಮುಂದೆ ಯಾರು ಹೆಗಲ ಟವಲ್ ಇಳಿಸಬೇಕಿತ್ತು ಅನ್ನುವುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು.

ಮುಂದಿನ ವಾಯಿದೆಗೆ ಒಗೆದ ಪಂಚೆ, ಅಂಗಿ ಸಾಕು. ಸಮನ್ಸ್ ಪ್ರತಿ ಕೈಯಲ್ಲಿರಲಿ, ಮೊಬೈಲ್ ಆಫ್ ಮಾಡಿರಲಿ. ಅಟೆಂಡರ್ ತಡೆದರೆ ಜಗಳ ಬೇಡ, ವಕೀಲರಿಗೆ ಹೇಳಿ ನ್ಯಾಯಾಧೀಶರ ಗಮನಕ್ಕೆ ತನ್ನಿ. ಅವರೇ ಬೇಡ ಅಂದರೆ, ಅದನ್ನು ಆರ್ಡರ್ ಶೀಟ್‌ನಲ್ಲಿ ಬರೆಸಿಕೊಡಿ ಅಂತ ವಕೀಲರು ವಿನಯದಿಂದ ಕೇಳಲಿ. ಬರೆದ ಆದೇಶವಿದ್ದರೆ ಅದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಬಹುದು.

– ಸಂಪಾದಕ